ಒಂದನೇ ತರಗತಿಯ ಲ್ಯಾಪ್‌ಟಾಪ್ ಪಾಠಗಳು

ಈ ಜೂನಿನಲ್ಲಿ ಶಾಲೆ ಶುರುವಾದ ದಿನ ಕಂಪ್ಯೂಟರ್ ಕೋಣೆಯ ಕಪಾಟು ತೆರೆದೆ. ಎರಡು ತಿಂಗಳು ಮುಚ್ಚಿದ್ದ ಕಪಾಟಿನಿಂದ ನುಸಿಗುಳಿಗೆಯ ವಾಸನೆ ಒಮ್ಮೆಲೇ ಮುಖಕ್ಕೆ ಬಡಿಯಿತು. ಹಿಂದೆ ನಿಂತಿದ್ದ ಆಯಾ ಮೂಗು ಮುಚ್ಚಿಕೊಂಡು ಆಚೆ ಹೋದರು. ನಾನು ಮಾತ್ರ ಬಾಗಿಲು ಹಿಡಿದುಕೊಂಡು ಅಲ್ಲೇ ನಿಂತೆ. ಆ ವಾಸನೆಯ ಜೊತೆಗೆ ಒಂದು ಹಳೆಯ ವಾಯಿಲ್ ಸೀರೆ, ಅದರೊಳಗೆ ಮಗುವಿನಂತೆ ಸುತ್ತಿಟ್ಟ ಒಂದು ಲ್ಯಾಪ್‌ಟಾಪ್, ಅದನ್ನು ಮೆಲ್ಲಗೆ ಬಿಡಿಸುವ ಎರಡು ಕೈಗಳು…

ಅವರನ್ನು ನಾನು ಟೀಚರ್ ಎಂದೇ ಕರೆಯುತ್ತಿದ್ದೆ. ಪುಂಜಾಲಕಟ್ಟೆಯಿಂದ ಒಳಗೆ ಹೋಗುವ ರಸ್ತೆಯ ಒಂದು ಸಣ್ಣ ಸರಕಾರಿ ಶಾಲೆಯಲ್ಲಿ ಅವರು ಒಂದನೇ ಮತ್ತು ಎರಡನೇ ತರಗತಿಗೆ ಕಲಿಸುತ್ತಿದ್ದರು. ನಾನು ಬಿ.ಎಡ್. ಮುಗಿಸಿ ಅಲ್ಲಿಗೆ ಅತಿಥಿ ಶಿಕ್ಷಕಿಯಾಗಿ ಸೇರಿದಾಗ ಅವರ ನಿವೃತ್ತಿಗೆ ಹೆಚ್ಚು ವರ್ಷ ಉಳಿದಿರಲಿಲ್ಲ. ನನಗಿಂತ ಮೂವತ್ತು ವರ್ಷಕ್ಕೂ ದೊಡ್ಡವರು. ಆದರೂ ಮೊದಲ ದಿನದಿಂದ ನನ್ನನ್ನು ‘ಟೀಚರೇ’ ಎಂದು, ‘ನೀವು’ ಎಂದು ಕರೆದರು. ಅವರಿಗೆ ಮದುವೆಯಾಗಿರಲಿಲ್ಲ. ತಾಯಿ ತೀರಿಕೊಂಡ ಮೇಲೆ ಪುಂಜಾಲಕಟ್ಟೆ ಪೇಟೆಯ ಹತ್ತಿರ ಒಂದು ಬಾಡಿಗೆ ಕೋಣೆಯಲ್ಲಿ ಒಬ್ಬರೇ ಇದ್ದರು.

ಆ ವರ್ಷ ಗಲ್ಫಿನಿಂದ ರಜೆಯಲ್ಲಿ ಬಂದ ಹಳೆಯ ವಿದ್ಯಾರ್ಥಿಯೊಬ್ಬ ತಾನು ಬಳಸಿದ ಲ್ಯಾಪ್‌ಟಾಪನ್ನು ಶಾಲೆಗೆ ಕೊಟ್ಟು ಹೋಗಿದ್ದ. ಹೆಡ್‌ಮಾಸ್ಟರು ಅದನ್ನು ದೊಡ್ಡ ಮಕ್ಕಳಿಗೆಂದು ತೆಗೆದಿಟ್ಟಾಗ ಟೀಚರ್, ಸಣ್ಣವರಿಗೂ ಬೇಕು ಎಂದು ಕೇಳಿ ಪಡೆದರು. ಕೇಳಿದ್ದೇನೋ ಸರಿ, ಅವರಿಗೆ ಮೌಸ್ ಹಿಡಿಯಲೂ ಬರುತ್ತಿರಲಿಲ್ಲ.

“ಟೀಚರೇ, ಇದನ್ನು ಹಿಡಿಯುವುದು ಹೇಗೆ ಅಂತ ಒಮ್ಮೆ ತೋರಿಸ್ತೀರಾ? ಈಗ ಬೇಡ, ಮಕ್ಕಳೆಲ್ಲ ಹೋದ ಮೇಲೆ,” ಎಂದು ಮೆಲ್ಲಗೆ ಕೇಳಿದರು.

ಹಾಗೆ ಸಂಜೆಯ ಹೊತ್ತು ನಾನು ಅವರಿಗೆ ಕಲಿಸತೊಡಗಿದೆ. ಮೊದಮೊದಲು ಬಾಣದ ಗುರುತು ಪರದೆಯ ಮೂಲೆಗೆ ಓಡಿ ಹೋದರೆ, ಯಾರಿಗೋ ತಾಗಿತೇನೋ ಎಂಬಂತೆ ಬೆಚ್ಚಿ ಕೈ ತೆಗೆಯುತ್ತಿದ್ದರು. ಕೀಬೋರ್ಡಿನೊಳಗೆ ಸಣ್ಣ ಇರುವೆ ಗೂಡು ಮಾಡಿದ ದಿನ ಕಣ್ಣಲ್ಲಿ ನೀರು ತಂದುಕೊಂಡರು. ಮರುದಿನವೇ ಆ ಸೀರೆ, ಆ ನುಸಿಗುಳಿಗೆ ಬಂದವು. ಹತ್ತೊಂಬತ್ತು ಮಕ್ಕಳಿಗೆ ಒಂದೇ ಯಂತ್ರ ಸಾಲದೆಂದು ಬೇಕರಿಯಿಂದ ರಟ್ಟಿನ ಪೆಟ್ಟಿಗೆ ತಂದು, ಕತ್ತರಿಸಿ, ಅದರ ಮೇಲೆ ಕೀಲಿಗಳನ್ನು ಬರೆದು ಎಲ್ಲರಿಗೂ ಒಂದೊಂದು ಕೊಟ್ಟರು. ಮಕ್ಕಳು ನೆಲದ ಮೇಲೆ ಕುಳಿತು ರಟ್ಟನ್ನು ಒತ್ತುತ್ತಿದ್ದವು. ಸರದಿ ಬಂದವರು ಎದ್ದು ಬಂದು ನಿಜದ್ದನ್ನು ಒತ್ತುತ್ತಿದ್ದರು.

ಆ ಲ್ಯಾಪ್‌ಟಾಪಿನಲ್ಲಿ ನಾನು ಎಲ್ಲಿಂದಲೋ ತಂದು ಹಾಕಿದ ಒಂದು ಪದಗಳ ಪಾಠವಿತ್ತು. ಚಿತ್ರ ನೋಡಿ ಸರಿಯಾದ ಪದ ಒತ್ತಬೇಕು. ತಪ್ಪಿದರೆ ಕೆಂಪು ಗುರುತು ಬಂದು ಕರ್ಕಶವಾಗಿ ಸದ್ದಾಗುತ್ತಿತ್ತು. ಒಂದನೇ ತರಗತಿಯ ಒಂದು ಹುಡುಗಿ ಮನೆಯ ಚಿತ್ರಕ್ಕೆ ‘ಮರ’ ಒತ್ತಿತು. ಸದ್ದಾಯಿತು, ಉಳಿದವರು ನಕ್ಕರು. ಇದು ಎಂತ ಹೇಳು ಎಂದು ನಾನು ಚಿತ್ರ ತೋರಿಸಿ ಕೇಳಿದೆ. “ಇಲ್ಲ್,” ಎಂದಿತು. ನಮ್ಮ ತುಳುವಿನಲ್ಲಿ ಮನೆಗೆ ಹಾಗೆಯೇ ಹೇಳುವುದು. “ಹಾಗಲ್ಲ, ಮನೆ ಅಂತ ಹೇಳಬೇಕು,” ಎಂದೆ. ಹುಡುಗಿ ಎದ್ದು ಹೋಗಿ ತನ್ನ ರಟ್ಟಿನ ಮುಂದೆ ಕುಳಿತುಕೊಂಡಿತು. ಆಮೇಲೆ ಎಷ್ಟೋ ದಿನ ಲ್ಯಾಪ್‌ಟಾಪಿನ ಹತ್ತಿರವೂ ಬರಲಿಲ್ಲ.

ಸಂಜೆ ಟೀಚರ್ ಹೇಳಿದರು: “ಅದು ಸರಿಯೇ ಹೇಳಿತಲ್ಲ ಟೀಚರೇ. ಅದಕ್ಕೆ ಮನೆ ಗೊತ್ತುಂಟು. ಗೊತ್ತಿಲ್ಲದ್ದು ಈ ಯಂತ್ರಕ್ಕೆ. ನಾವೇ ಒಂದು ಪಾಠ ಮಾಡುವ.”

ನಾವು ಎಂದರು, ಮಾಡಿದ್ದು ಅವರೇ. ಮಕ್ಕಳ ಮನೆ ಮನೆಗೆ ನಡೆದು ಹೋಗಿ ತಮ್ಮ ಫೋನಿನಲ್ಲಿ ಅವರವರ ಮನೆ, ಬಾವಿ, ಕೋಳಿ, ಅಜ್ಜಿಯ ಚಪ್ಪಲಿ ಎಲ್ಲದರ ಫೋಟೊ ತೆಗೆದರು. ಒಂದೊಂದು ಚಿತ್ರಕ್ಕೂ ಮೊದಲು ಮಗುವಿನ ಸ್ವರದಲ್ಲಿ ತುಳು ಪದ, ಆಮೇಲೆ ತಮ್ಮ ಸ್ವರದಲ್ಲಿ ಕನ್ನಡ ಪದ. ತಪ್ಪು ಒತ್ತಿದರೆ ಕರ್ಕಶ ಸದ್ದಿಲ್ಲ. “ಇನ್ನೊಮ್ಮೆ ನೋಡುವ,” ಎಂದು ಅವರದೇ ಸ್ವರ. ರೆಕಾರ್ಡ್ ಮಾಡುವಾಗ ರಸ್ತೆಯಲ್ಲಿ ರಿಕ್ಷಾ ಹೋದರೆ ಅಳಿಸಿ ಮತ್ತೆ ಮೊದಲಿನಿಂದ. ಹಾಗೆ ಮಳೆಗಾಲ ಕಳೆದು ದಸರಾ ರಜೆಯೂ ಮುಗಿಯಿತು. ನಾನು ಐದು ಗಂಟೆಯ ಬಸ್ಸಿಗೆ ಹೋಗುತ್ತಿದ್ದೆ. ಅವರಿಗೆ ಹೋಗಲು ಅವಸರವಿರಲಿಲ್ಲ…

ಆ ಹುಡುಗಿಯನ್ನು ಟೀಚರ್ ಒಂದು ದಿನ ಮಡಿಲಲ್ಲಿ ಕೂರಿಸಿಕೊಂಡು ಪಾಠ ತೆರೆದರು. ಪರದೆಯಲ್ಲಿ ಅದರದೇ ಮನೆ, ಅಂಗಳದಲ್ಲಿ ಅದರದೇ ಫ್ರಾಕ್ ಒಣಗುತ್ತಿತ್ತು. ತನ್ನ ಸ್ವರ ಕೇಳಿದ ಕೂಡಲೇ ಮಗು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿತು. ಆಮೇಲೆ ಕೈ ತೆಗೆದು, ಯಂತ್ರಕ್ಕೆ ಹೇಳಿಕೊಡುವಂತೆ “ಮನೆ” ಎಂದಿತು. ಆಟಕ್ಕೆ ಬಿಟ್ಟರೂ ಹೊರಗೆ ಹೋಗಲಿಲ್ಲ. ಟೀಚರ್ ನನ್ನ ಕಡೆ ನೋಡಿ ನಕ್ಕದ್ದು ಇನ್ನೂ ಕಣ್ಣ ಮುಂದಿದೆ.

ಆ ಪಾಠಗಳ ಸುದ್ದಿ ಹಬ್ಬಿ, ಬಂಟ್ವಾಳದಲ್ಲಿ ಶಿಕ್ಷಕರು ತಾವು ಮಾಡಿದ್ದನ್ನು ತೋರಿಸುವ ಸಭೆಗೆ ನಮ್ಮನ್ನು ಕರೆದರು. ಟೀಚರ್ ಇಸ್ತ್ರಿ ಮಾಡಿದ ಸೀರೆ ಉಟ್ಟು ಬಂದಿದ್ದರು. ನಮ್ಮ ಸರದಿ ಬರುವ ಹೊತ್ತಿಗೆ ಲ್ಯಾಪ್‌ಟಾಪನ್ನು ನನ್ನ ಕೈಗೆ ಕೊಟ್ಟರು. “ನೀವೇ ಹೇಳಿ ಟೀಚರೇ. ಮೈಕಿನಲ್ಲಿ ಮಾತಾಡಿ ನನಗೆ ಅಭ್ಯಾಸ ಇಲ್ಲ.”

ನಾನು ಹೇಳಿದೆ. ಮೊದಲು ‘ನಾವು ಮಾಡಿದೆವು’ ಎಂದೆ. ಚಪ್ಪಾಳೆ ಬೀಳುತ್ತಾ ಹೋದಂತೆ ಯಾವಾಗ ‘ನಾನು’ ಎಂದೆನೋ ತಿಳಿಯಲಿಲ್ಲ. ಕೊನೆಗೆ ಅಧಿಕಾರಿಯೊಬ್ಬರು ಕೇಳಿದರು: “ಇದನ್ನೆಲ್ಲ ನೀವೊಬ್ಬರೇ ಮಾಡಿದ್ದಾ?”

“ಹೌದು ಸರ್.”

ಟೀಚರ್ ಮೂರನೇ ಸಾಲಿನಲ್ಲಿದ್ದರು. ಲ್ಯಾಪ್‌ಟಾಪ್ ಸುತ್ತಿ ತಂದ ಸೀರೆಯನ್ನು ತೊಡೆಯ ಮೇಲಿಟ್ಟು ಮಡಚುತ್ತಿದ್ದರು. ಮಡಚಿದ್ದನ್ನೇ ಬಿಡಿಸಿ ಮತ್ತೆ ಮಡಚಿದರು.

ವಾಪಸು ಬರುವಾಗ ಬಸ್ಸಿನಲ್ಲಿ ಪಕ್ಕದಲ್ಲೇ ಕುಳಿತರು. ಅವರು ಬೈಯಲಿ, ಒಂದು ಮಾತು ಕೇಳಲಿ ಎಂದು ಕಾಯುತ್ತಿದ್ದೆ. “ಒಳ್ಳೆ ಸ್ಪಷ್ಟ ಹೇಳಿದಿರಿ. ನನ್ನಿಂದ ಆಗ್ತಿರಲಿಲ್ಲ,” ಎಂದಷ್ಟೇ ಹೇಳಿ ಕಿಟಕಿಯ ಹೊರಗೆ ನೋಡತೊಡಗಿದರು. ಪುಂಜಾಲಕಟ್ಟೆ ಬಂತು. ಇಳಿದು ಹೋದರು. ಕ್ಷಮಿಸಿ ಎನ್ನಲು ನನಗೆ ಅಷ್ಟು ದೂರದ ದಾರಿಯಿತ್ತು, ಅನ್ನಲಿಲ್ಲ.

ಆ ಸಭೆಗೆ ಬಂದಿದ್ದವರೊಬ್ಬರ ಮೂಲಕ ಮಿಜಾರಿನ ಕಡೆಯ ಒಂದು ಖಾಸಗಿ ಶಾಲೆಯಲ್ಲಿ ನನಗೆ ಕೆಲಸ ಸಿಕ್ಕಿತು. ಹೊರಡುವ ದಿನ ಟೀಚರ್ ಕೇಳಿದ್ದು ಒಂದೇ. “ಸಂಶಯ ಬಂದರೆ ಫೋನ್ ಮಾಡಬಹುದಲ್ಲ ಟೀಚರೇ? ಇಲ್ಲಿ ಬೇರೆ ಯಾರನ್ನು ಕೇಳುವುದು?”

ಸಂಜೆಗೊಮ್ಮೆ ಫೋನ್ ಬರುತ್ತಿತ್ತು. ಫೋಟೊ ಸಣ್ಣದು ಮಾಡುವುದು ಹೇಗೆ, ಸ್ವರ ಕಡಿಮೆ ಕೇಳಿದರೆ ಎಂತ ಮಾಡುವುದು, ಎರಡು ಚಿತ್ರ ಒಟ್ಟಿಗೆ ಬರುವಂತೆ ಇಡುವುದು ಹೇಗೆ. ಹೇಳಿಕೊಟ್ಟ ಮೇಲೆ ಊಟಕ್ಕೆ ಎಂತ ಮಾಡಿದಿರಿ, ಅಲ್ಲಿ ಮಳೆ ಉಂಟಾ ಎಂದು ಮಾತು ಮುಂದುವರಿಸುತ್ತಿದ್ದರು. ಅವರ ಸ್ವರ ಕೇಳಿದಾಗಲೆಲ್ಲ ಮೂರನೇ ಸಾಲು ನೆನಪಾಗುತ್ತಿತ್ತು. ಕೆಲಸವಿದೆ ಎಂದು ಬೇಗ ಇಡುತ್ತಿದ್ದೆ. ಆಮೇಲೆ ಎತ್ತುವುದನ್ನೇ ಬಿಟ್ಟೆ. ಅವರು ವಾಟ್ಸಾಪಿನಲ್ಲಿ ಧ್ವನಿ ಸಂದೇಶ ಕಳಿಸಿದರು. ಕೆಲವನ್ನು ಕೇಳಿದೆ, ಕೆಲವನ್ನು ಕೇಳಲಿಲ್ಲ. ನಿವೃತ್ತಿಯ ದಿನ ಕರೆದಿದ್ದರು. ಪರೀಕ್ಷೆ ಇದೆ ಎಂದು ಬರೆದು ಹಾಕಿದೆ. ಇರಲಿಲ್ಲ.

ಆಮೇಲೆ ಅವರು ಕೊಕ್ಕಡದಲ್ಲಿದ್ದ ತಮ್ಮನ ಮನೆಗೆ ಹೋದರಂತೆ. ಅಲ್ಲೇ ತೀರಿಕೊಂಡರು. ಹಳೆಯ ಶಾಲೆಯ ವಾಟ್ಸಾಪ್ ಗ್ರೂಪಿನಲ್ಲಿ ಬಂದ ಸುದ್ದಿಯನ್ನು ನಾನು ನೋಡುವಾಗ ವಾರ ಕಳೆದಿತ್ತು.

ಆ ಶನಿವಾರ ಹಳೆಯ ಶಾಲೆಗೆ ಹೋದೆ. ಅವರ ಜಾಗಕ್ಕೆ ಬಂದ ಶಿಕ್ಷಕಿ ಲ್ಯಾಪ್‌ಟಾಪ್ ತೆಗೆದುಕೊಟ್ಟರು. ನಾನು ಬಿಟ್ಟು ಹೋದ ಮೇಲೆ ಟೀಚರ್ ಮಾಡಿದ ಪಾಠಗಳು ಒಂದು ಪರದೆಯಲ್ಲಿ ಹಿಡಿಸದಷ್ಟಿದ್ದವು. ಒಂದೊಂದನ್ನೇ ತೆರೆದೆ. ನನ್ನನ್ನು ಕೇಳಿದ್ದನ್ನೆಲ್ಲ ಅವರು ಮಾಡಿ ಮುಗಿಸಿದ್ದರು, ನನಗಿಂತ ಚೊಕ್ಕವಾಗಿ. ಯಾವ ಫೈಲ್ ಯಾವ ದಿನದ್ದು ಎಂದು ಅಲ್ಲೇ ಕಾಣುತ್ತಿತ್ತು. ಫೋನಿನಲ್ಲಿದ್ದ ಹಳೆಯ ಸಂದೇಶಗಳನ್ನು ತೆಗೆದು ಹೋಲಿಸಿ ನೋಡಿದೆ. ಸ್ವರ ಹೆಚ್ಚಿಸುವುದು ಹೇಗೆಂದು ಕೇಳುವ ಮೂರು ತಿಂಗಳ ಮೊದಲೇ ಅವರಿಗೆ ಅದು ಬರುತ್ತಿತ್ತು… ಸಂಶಯವೇ ಇರಲಿಲ್ಲ ಅವರಿಗೆ.

ಕೇಳದೆ ಬಿಟ್ಟ ಕೊನೆಯ ಸಂದೇಶವನ್ನು ಅಲ್ಲೇ, ಖಾಲಿ ತರಗತಿಯಲ್ಲಿ ಕುಳಿತು ಕೇಳಿದೆ. “ಅರ್ಜೆಂಟಿಲ್ಲ ಟೀಚರೇ. ಪುರುಸೊತ್ತಾದಾಗ ಹೇಳಿ, ಆಯ್ತಾ?”

ಹೋದ ತಿಂಗಳು ಮೂಡುಬಿದಿರೆಯಲ್ಲಿ ಸಣ್ಣ ತರಗತಿಗಳ ಶಿಕ್ಷಕರಿಗೊಂದು ತರಬೇತಿ ಇತ್ತು. ಅದೇ ಪಾಠಗಳ ಬಗ್ಗೆ ಮಾತಾಡಲು ನನ್ನನ್ನು ಕರೆದಿದ್ದರು. ಮೈಕ್ ಹಿಡಿದು ಮೊದಲಿಗೇ ಹೇಳಿಬಿಟ್ಟೆ: ಇವು ನಾನು ಮಾಡಿದ್ದಲ್ಲ, ನಾನು ಮಾಡಿದ್ದೆಂದು ಒಮ್ಮೆ ಸುಳ್ಳು ಹೇಳಿದ್ದೆ. ಬಂಟ್ವಾಳದ ಸಭೆಯನ್ನೂ ಬಿಡದೆ ಹೇಳಿದೆ. ಆಮೇಲೆ ಹಿಂದಿನಿಂದ ಒಬ್ಬರು, ಪಾಠಗಳನ್ನು ಪೆನ್‌ಡ್ರೈವಿನಲ್ಲಿ ಹಾಕಿಕೊಡ್ತೀರಾ ಮೇಡಂ ಎಂದು ಕೇಳಿದರು. ಚಹಾಕ್ಕೆ ಬಿಟ್ಟಾಗ ಇಬ್ಬರು ಬಂದು, ಅದೆಲ್ಲ ಎಲ್ಲ ಕಡೆ ಆಗುವುದೇ, ಬೇಜಾರು ಮಾಡ್ಬೇಡಿ ಎಂದರು. ಯಾರೂ ಬೈಯಲಿಲ್ಲ. ಒಬ್ಬರಾದರೂ ಬೈದಿದ್ದರೆ ಒಳ್ಳೆಯದಿತ್ತು ಅನಿಸಿತು.

ಸಂಜೆ ಬಸ್ ಸ್ಟ್ಯಾಂಡಿನಲ್ಲಿ ನಿಂತಾಗ, ಇವತ್ತು ಹೀಗೆ ಹೇಳಿದೆ ಎಂದು ಯಾರಿಗಾದರೂ ಹೇಳಬೇಕೆನಿಸಿತು. ನನ್ನ ಮಾತು ಮುಗಿಯುವವರೆಗೆ ಕೇಳುವವರು ಯಾರೆಂದು ಯೋಚಿಸಿದೆ. ಟೀಚರ್ ಒಬ್ಬರೇ ಇದ್ದರು.