ಎರಡೂ ಕಾಲು ಮುಟ್ಟುವ ಗಾಡಿ

ನನ್ನ ನೆಗೆಣ್ಣಿ ಗಾಡಿಯಿಂದ ಇಳಿಯುವ ರೀತಿಯೇ ನನಗೆ ಸೇರುತ್ತಿರಲಿಲ್ಲ. ಮೈದುನ ಕಿತ್ತೂರಿನಿಂದ ಗಾಡಿ ಹೊಡೆದುಕೊಂಡು ಬಂದು ಬೈಲಹೊಂಗಲದ ನಮ್ಮ ಮನೆಯ ಮುಂದೆ ನಿಲ್ಲಿಸುವನು. ಅವಳು ಒಂದು ಕೈ ಗಂಡನ ಹೆಗಲ ಮೇಲಿಟ್ಟು, ಇನ್ನೊಂದು ಕೈಯಲ್ಲಿ ಸೀರೆಯ ನಿರಿಗೆ ಹಿಡಿದು, ಕೊಂಬೆಯಿಂದ ಹಕ್ಕಿ ಇಳಿದ ಹಾಗೆ ನೆಲಕ್ಕೆ ಬರುವಳು. ಗಾಡಿಯೆಂದರೆ ಮೋಟಾರ್ ಸೈಕಲ್ಲು, ಎತ್ತರದ್ದು, ಕರಿ ಬಣ್ಣದ್ದು, ಪೆಟ್ರೋಲ್ ಟಾಕಿಯ ಮೇಲೆ ಕೆಂಪು ಪಟ್ಟಿ. ಅಂಥ ಗಾಡಿಯಿಂದ ಇಳಿಯುವುದಕ್ಕೂ ಒಂದು ಠೀವಿ ಇರುತ್ತದೆ. ಓಣಿಯ ಹೆಂಗಸರೆಲ್ಲ ಬಾಗಿಲಿಗೆ ಬಂದು ನೋಡುತ್ತಿದ್ದರು. ನಾನು ಮಾತ್ರ ಹಿಟ್ಟಿನ ಕೈಯಲ್ಲೇ ಅಡಿಗೆಮನೆಯ ಕಿಟಕಿಯ ಸಂದಿಯಿಂದ, ನೋಡಲಿಲ್ಲ ಅನ್ನುವ ಹಾಗೆ ನೋಡುತ್ತಿದ್ದೆ.

"ಅಕ್ಕಾರ, ಇನ್ನೂ ರೊಟ್ಟಿ ಬಡಿಯಾಕ ಹತ್ತೀರೇನ್ರಿ? ನಾವು ಮನಿ ಬಿಟ್ಟು ತಾಸೂ ಆಗಿಲ್ಲ ನೋಡ್ರಿ, ಬಂದ ಬಿಟ್ವಿ!"

"ಹೌದವಾ. ನಿನಗೇನು, ಗಾಳಿ ಹೊತಕೊಂಡ ಬರತೈತಿ."

ನಾನು ಚುಚ್ಚಿದ್ದು ಅವಳಿಗೆ ತಾಗುತ್ತಲೇ ಇರಲಿಲ್ಲ. ನಗುತ್ತಿದ್ದಳು. ಚುಚ್ಚಿದ್ದು ತಾಗದಿದ್ದರೆ ಚುಚ್ಚಿದವರಿಗೇ ನೋವು.

ತೊಂಬತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ. ನಮ್ಮವರು ಸರಕಾರಿ ಶಾಲೆಯ ಮಾಸ್ತರರು, ಮನೆಗೆ ಹಿರಿಯ ಮಗ. ಇವರ ತಮ್ಮ ಕಿತ್ತೂರಿನಲ್ಲಿ ಹೆದ್ದಾರಿಯ ಬದಿಗೆ ಗೊಬ್ಬರ ಬೀಜದ ಅಂಗಡಿ ಹಾಕಿದ್ದ. ತಮ್ಮ ಗಾಡಿ ಹೊಡೆಯುತ್ತಿದ್ದ. ಅಣ್ಣ ಬಸ್ಸಿಗೆ ನಿಲ್ಲುತ್ತಿದ್ದರು.

ಸಂಜೆ ದೇವರ ಜಗಲಿಗೆ ದೀಪ ಹಚ್ಚಿ ಆ ದಿನದ ಒಳಿತನ್ನು ಎಣಿಸಿಕೊಳ್ಳುವುದು ನನ್ನ ರೂಢಿ. ರಾಮದುರ್ಗದ ತವರಿನಲ್ಲಿ ನನ್ನ ತಾಯಿ ಕಲಿಸಿದ್ದು. ಇವತ್ತು ಹಾಲು ಒಡೆಯಲಿಲ್ಲ, ನಳಕ್ಕೆ ನೀರು ಬಂತು, ಇವರಿಗೆ ಬಸ್ಸಿನಲ್ಲಿ ಕೂಡಲು ಜಾಗ ಸಿಕ್ಕಿತು, ಮಗಳ ಕೆಮ್ಮು ಇಳಿಯಿತು. ಶಿವಾ, ಇಷ್ಟು ಸಾಕಪ್ಪಾ. ಆ ಕರಿ ಗಾಡಿ ಬಂದ ಮೇಲೆ ನನ್ನ ಎಣಿಕೆ ಕೆಟ್ಟಿತು. ನನ್ನದನ್ನು ಎಣಿಸಲು ಕುಳಿತರೆ ಅವಳದೇ ಬಾಯಿಗೆ ಬರುತ್ತಿತ್ತು. ಅವಳಿಗೆ ಬಸ್ ಸ್ಟ್ಯಾಂಡಿನಲ್ಲಿ ನಿಲ್ಲುವ ಕಷ್ಟವಿಲ್ಲ. ಅವಳ ಸೆರಗನ್ನು ಯಾರೂ ತುಳಿಯುವುದಿಲ್ಲ. ಮದುವೆಗೆ ಹೋದರೆ ಅಕ್ಕಿಕಾಳು ಬೀಳುವುದರೊಳಗೆ ಮುಟ್ಟುತ್ತಾಳೆ. ನಾವು ಮುಟ್ಟುವುದು ಊಟದ ಪಂಕ್ತಿಗೆ.

ಇದೆಲ್ಲವನ್ನೂ ನುಂಗಿಕೊಳ್ಳುತ್ತಿದ್ದೆನೋ ಏನೋ. ನುಂಗಲಾಗದ್ದು ಒಂದಿತ್ತು. ಸವದತ್ತಿಯ ಎಲ್ಲಮ್ಮ ನಮ್ಮ ಮನೆದೇವರು. ಮಂಗಳವಾರ, ಶುಕ್ರವಾರ ಒಪ್ಪತ್ತು ಮಾಡುವವಳು ನಾನು. ಆದರೆ ಪ್ರತಿ ಹುಣ್ಣಿಮೆಗೆ ಗುಡ್ಡಕ್ಕೆ ಹೋಗುವವಳು ಅವಳು, ಯಾಕೆಂದರೆ ಗಾಡಿ ಅವಳದು. ನನಗೆ ವರ್ಷಕ್ಕೊಮ್ಮೆ, ಅದೂ ಜೋತಾಡುವ ಬಸ್ಸಿನಲ್ಲಿ. ನೆಗೆಣ್ಣಿ ಬರುವಾಗ ಕಾಗದದಲ್ಲಿ ಭಂಡಾರ ಕಟ್ಟಿಕೊಂಡು ಬಂದು ನನ್ನ ಅಂಗೈಗೆ ಹಾಕುವಳು.

"ತಗೊಳ್ರಿ ಅಕ್ಕಾರ. ನಿಮ್ಮ ಹೆಸರ ಹೇಳಿನೂ ಕೈ ಮುಗದ ಬಂದೇನಿ."

ಆ ಅರಿಶಿನದ ಪುಡಿಯನ್ನು ಹಣೆಗೆ ಹಚ್ಚಿಕೊಳ್ಳುವಾಗ ಹಣೆ ಉರಿಯುತ್ತಿತ್ತು. ನನಗೆ ಬೇಕಾಗಿದ್ದು ಒಂದೇ. ನನ್ನ ಗಂಡನ ಗಾಡಿಯ ಮೇಲೆ ಕುಳಿತು ಹೋಗಿ, ಯಾರ ಭಂಡಾರಕ್ಕೂ ಕೈ ಒಡ್ಡದೆ, ಆ ತಾಯಿಯ ಮುಂದೆ ನಾನೇ ನಿಲ್ಲಬೇಕು. ಸುಳ್ಳು ಯಾಕೆ ಹೇಳಲಿ, ನೆಗೆಣ್ಣಿಗಿಂತ ಮೊದಲು ನಿಲ್ಲಬೇಕು.

ಆ ವರ್ಷ ಇವರಿಗೆ ಸಂಗೊಳ್ಳಿಯಿಂದಾಚೆ ಒಂದು ಹಳ್ಳಿಯ ಶಾಲೆಗೆ ವರ್ಗವಾಯಿತು. ಬಸ್ಸು ಬಂದರೆ ಬಂತು, ಇಲ್ಲವಾದರೆ ಇಲ್ಲ. "ಒಂದು ಗಾಡಿ ತಗೊಳ್ಳೂಣು" ಎಂದು ಇವರೇ ಅಂದರು. ಆ ದಿನ ದೀಪಕ್ಕೆ ಎಣ್ಣೆ ಸುರಿದ ನನ್ನ ಕೈ ಸ್ವಲ್ಪ ಉದಾರವಾಗಿತ್ತು.

ಆದರೆ ಇವರಿಗೆ ಸೈಕಲ್ಲಿನ ಹೊರತು ಏನೂ ಬರುತ್ತಿರಲಿಲ್ಲ. ವಯಸ್ಸು ನಲವತ್ತು ದಾಟಿತ್ತು. ರವಿವಾರ ಅರಳೆ ಮಾರ್ಕೆಟ್ಟಿನ ಬಯಲಿನಲ್ಲಿ ತಮ್ಮನೇ ತನ್ನ ಗಾಡಿಯ ಮೇಲೆ ಕಲಿಸಲು ಬಂದ. ಊರ ಮಕ್ಕಳಿಗೆಲ್ಲ ಪಾಠ ಹೇಳಿದ ಅಣ್ಣನಿಗೆ ತಮ್ಮ ಪಾಠ ಹೇಳುವುದನ್ನು ನಾನು ಕಟ್ಟೆಯ ಮೇಲೆ ಕುಳಿತು ನೋಡಬೇಕಾಯಿತು. ಪಕ್ಕದಲ್ಲಿ ಶೇಂಗಾ ಸುಲಿಯುತ್ತಾ ಅವಳು.

"ಅಣ್ಣಾ, ಕ್ಲಚ್ ಸಾವಕಾಶ ಬಿಡಪಾ! ಹೋರಿ ಹಗ್ಗ ಬಿಟ್ಟಂಗ ಬಿಡಬ್ಯಾಡ!"

ಗಾಡಿ ಒಮ್ಮೆ ಜಿಗಿದು ಸತ್ತೇ ಹೋಯಿತು. ಅರಳೆ ಮೂಟೆಯ ಮೇಲೆ ಕುಳಿತಿದ್ದ ಹಮಾಲರಿಗೆ ಹಬ್ಬ.

"ಮಾಸ್ತರ, ಕುದುರಿಗೆ ಮೇವು ಹಾಕೀರಿಲ್ಲೋ?"

"ಬಾವಾರ, ಅಂಜಬ್ಯಾಡ್ರಿ, ನಾವದೀವಿ!" ಎಂದು ಅವಳು ಕೂಗಿದಳು. ಅವಳಿಗೆ ಯಾರು ಕೇಳಿದ್ದರು?

ಇವರು ಗಿಡ್ಡ. ಮದುವೆಯಲ್ಲಿ ನನ್ನ ಅಣ್ಣಂದಿರೂ ನಕ್ಕಿದ್ದರು. ಗಾಡಿ ನಿಂತಾಗಲೆಲ್ಲ ಕಾಲ ಬೆರಳಿನ ತುದಿಯಷ್ಟೇ ನೆಲಕ್ಕೆ ತಾಗುತ್ತಿತ್ತು, ಗಾಡಿ ಒಂದು ಕಡೆ ವಾಲುತ್ತಿತ್ತು, ತಮ್ಮ ಓಡಿ ಬಂದು ಹಿಡಿಯುತ್ತಿದ್ದ. ಅಂದು ಊಟಕ್ಕೆ ಕುಳಿತಾಗ ಇವರು ಹೇಳಿದರು:

"ಹೊಸದಾಗಿ ಕಲಿಯಾವ ನಾ. ನನಗ ಎರಡೂ ಕಾಲು ನೆಲಕ್ಕ ಮುಟ್ಟೂ ಗಾಡಿ ಬೇಕು. ಸಣ್ಣದಿರಲಿ, ಹಗುರಿರಲಿ."

"ಸಣ್ಣದು ತಂದ್ರ ಮಂದಿ ಏನಂದಾರ್ರಿ? ತಮ್ಮಂದು ಕುದುರಿ, ಅಣ್ಣಂದು ಕತ್ತಿ ಅಂತಾರ."

"ಕತ್ತಿ ಮ್ಯಾಲಿಂದ ಬಿದ್ರ ಮೊಣಕಾಲು ಒಡೀತೈತಿ. ಕುದುರಿ ಮ್ಯಾಲಿಂದ ಬಿದ್ರ ನಿನ್ನ ಬಳಿ ಒಡೀತಾವು."

"ಥೂ, ಬಿಡ್ತು ಅನ್ರಿ! ಉಣ್ಣೂ ಹೊತ್ತಿನ್ಯಾಗ!"

ಮಾತು ಅಲ್ಲಿಗೇ ನಿಂತಿತು, ನನ್ನ ಹೊಟ್ಟೆಕಿಚ್ಚು ನಿಲ್ಲಲಿಲ್ಲ. ತಮ್ಮನದಕ್ಕಿಂತ ಗಿಡ್ಡ ಗಾಡಿಯಿಂದ ನಾನು ಅವಳ ಮುಂದೆ ಹೇಗೆ ಇಳಿಯಲಿ? ಕೊನೆಗೆ ದೇವರನ್ನೇ ಕೇಳೋಣ ಅಂದೆ. ನಮ್ಮ ಓಣಿಯ ವೀರಭದ್ರನಿಗೆ ಹೂ ಹಚ್ಚಿ ಕೇಳುವ ಪದ್ಧತಿ ಇದೆ. ಒದ್ದೆ ಹೂವನ್ನು ಮೂರ್ತಿಯ ಎರಡೂ ಭುಜಕ್ಕೆ ಅಂಟಿಸುತ್ತಾರೆ. ನಾವು ಮನಸ್ಸಿನ ಮಾತು ಹೇಳಿ ಎದುರಿಗೆ ಕೂಡಬೇಕು. ಬಲಗಡೆಯ ಹೂ ಬಿದ್ದರೆ ಹೂಂ, ಎಡಗಡೆಯದು ಬಿದ್ದರೆ ಬೇಡ. ಹೆಣ್ಣು ಕೊಡುವುದರಿಂದ ಹಿಡಿದು ಎಮ್ಮೆ ಕೊಳ್ಳುವವರೆಗೆ ಎಲ್ಲವನ್ನೂ ಕೇಳುತ್ತೇವೆ. ಗಾಡಿ ಯಾಕೆ ಕೇಳಬಾರದು?

ಸೋಮವಾರ ಹೋದೆವು. ಪೂಜೆ ಮಾಡುವ ಅಯ್ಯನವರು ಹೂ ಹಚ್ಚಿದರು. "ತಮ್ಮನಂಥ ಗಾಡೀನ ತರೂಣೇನು, ನಮ್ಮಪ್ಪಾ?" ಎಂದು ಕೇಳಿ ಕಣ್ಣು ಮುಚ್ಚದೆ ಕುಳಿತೆ. ಸುಮಾರು ಹೊತ್ತು ಏನೂ ಅಲುಗಲಿಲ್ಲ. ಇವರು ಗಡಿಯಾರ ನೋಡಿಕೊಂಡರು. ಆಮೇಲೆ ಒಂದು ಹೂ ಪಟ್ಟನೆ ಬಿತ್ತು.

"ಬಲಕ್ಕ ಬಿತ್ತು!" ಎಂದು ನಾನು ಎದ್ದೇ ನಿಂತೆ.

"ನಿಮ್ಮ ಬಲಕ್ಕ ಬಿತ್ತು ತಾಯಿ," ಅಂದರು ಅಯ್ಯನವರು. "ದೇವರ ಎಡಕ್ಕ."

ನನಗೆ ಗೊತ್ತಿರಲಿಲ್ಲ ಎಂದಲ್ಲ. ಇಷ್ಟು ವರ್ಷ ದೇವರ ಬಲವೇ ಬಲ ಎಂದು ಬೇರೆಯವರಿಗೆ ತಿದ್ದಿ ಹೇಳುತ್ತಿದ್ದವಳೇ ನಾನು. ಆದರೆ ಅವತ್ತು ಮನಸ್ಸು ಒಪ್ಪಲಿಲ್ಲ. ಮನೆಯ ದಾರಿಯುದ್ದಕ್ಕೂ ವಾದ ಮಾಡಿದೆ.

"ಕೇಳಿದವ್ರು ಯಾರ್ರಿ? ನಾವು. ಕೇಳಿದವ್ರ ಬಲಾನ ಬಲ."

"ಹಂಗಾರ ದೇವರನ್ನ ನಮ್ಮ ಕಡೆ ಬೆನ್ನ ಮಾಡಿ ಕುಂದರಸೂಣೇನು?"

"ನಿಮಗ ದೇವರ ಮ್ಯಾಲ ನಂಬಿಗಿ ಇಲ್ಲ."

"ಇವತ್ತ ನಿನಗಿಲ್ಲ," ಅಂದರು ಇವರು, ಚಪ್ಪಲಿ ಬಿಡುತ್ತಾ.

ಎರಡೂ ಗಾಡಿ ನೋಡಿಯೇ ಬಿಡೋಣ ಎಂದು ಹಟ ಹಿಡಿದು ಅಂಗಡಿಗೆ ಕರೆದುಕೊಂಡು ಹೋದೆ. ಮಾರುವವನು ಬಾಯಿ ಸುಮ್ಮನಿಡುವ ಮನುಷ್ಯನಲ್ಲ.

"ಸರ, ನಿಮಗ ಮೈಲೇಜ್ ಬೇಕೋ, ಪಿಕಪ್ ಬೇಕೋ?"

"ಕಾಲು ಮುಟ್ಟಬೇಕ್ರಿ," ಅಂದರು ಇವರು.

"ಅದೇನ್ ಬಿಡ್ರಿ ಸರ, ದಪ್ಪ ಅಟ್ಟಿ ಚಪ್ಪಲಿ ಹಾಕ್ಕೊಂಡ್ರಾತು."

ತಮ್ಮನದೇ ತರಹದ ಕರಿ ಗಾಡಿ ಅಲ್ಲಿ ನಿಂತಿತ್ತು. ಸೀಟಿನ ಪ್ಲಾಸ್ಟಿಕ್ಕೂ ತೆಗೆದಿರಲಿಲ್ಲ. ಅದರ ಟಾಕಿಯಲ್ಲಿ ನನ್ನ ಮುಖ ಕಾಣುತ್ತಿತ್ತು. ಇವರು ಹತ್ತಿ ಕುಳಿತರು. ಹಿಮ್ಮಡಿ ಎರಡೂ ಮೇಲೆ, ಗೂಡಿನಲ್ಲಿಟ್ಟ ಬೆಲ್ಲಕ್ಕೆ ತುದಿಗಾಲಲ್ಲಿ ನಿಂತ ಮಗುವಿನ ಹಾಗೆ. ನಾನು ನೋಡಿದೆ, ಆದರೂ ಅಂದೆ:

"ಸ್ವಲ್ಪ ಮುಂದ ಸರದು ಕುಂದರ್ರಿ, ಮುಟ್ಟತೈತಿ."

"ಅಕ್ಕಾರ್ನೂ ಕುಂದರಿಸಿ ನೋಡ್ರಿ ಸರ," ಅಂದ ಮಾರುವವನು. "ಯಜಮಾನ್ತಿ ಕುಂತಾಗನ ಗಾಡಿ ಖರೇ ತೂಕ ತಿಳಿಯೂದು."

ನಾನು ಇವರ ಹೆಗಲು ಹಿಡಿದು ಹತ್ತಿದೆ. ಸೀರೆ ಉಟ್ಟವರು ಒಂದೇ ಕಡೆ ಕಾಲು ಬಿಟ್ಟು ಕೂಡುವವರು, ಭಾರವೆಲ್ಲ ಎಡಕ್ಕೆ. ನಾನು ಕುಳಿತಿದ್ದೇ ತಡ ಗಾಡಿ ಆ ಕಡೆ ವಾಲಿತು. ಇವರ ಎಡಗಾಲು ನುಣ್ಣನೆಯ ನೆಲದ ಮೇಲೆ ಸರ್ರನೆ ಜಾರಿತು. ಮಾರುವವನೂ ಇನ್ನೊಬ್ಬನೂ ಓಡಿಬಂದು ಹ್ಯಾಂಡಲ್ ಹಿಡಿಯದಿದ್ದರೆ ನಾವಿಬ್ಬರೂ ನೆಲದ ಮೇಲೆ. ನನ್ನ ಕೈ ಇನ್ನೂ ಅವರ ಹೆಗಲ ಮೇಲೇ ಇತ್ತು. ಅಂಗಿ ತೊಯ್ದಿತ್ತು, ಹೆಗಲು ಸಣ್ಣಗೆ ನಡುಗುತ್ತಿತ್ತು. ಹದಿನಾರು ವರ್ಷದ ಸಂಸಾರದಲ್ಲಿ ಆ ಹೆಗಲು ನಡುಗಿದ್ದನ್ನು ನಾನು ಕಂಡಿರಲಿಲ್ಲ.

"ಇಳಸ್ರಿ ನನ್ನ," ಅಂದೆ.

ಮೂಲೆಯಲ್ಲಿ ಒಂದು ಗಿಡ್ಡ ಗಾಡಿ ಇತ್ತು. ನೂರು ಸಿ.ಸಿ.ಯದು, ಬದನೆಕಾಯಿ ಬಣ್ಣ. ಬೇರೆ ಬಣ್ಣ ಇಲ್ಲವೆಂದು ಮಾರುವವನು ಹೇಳಿದ. ಇವರು ಕುಳಿತರು. ಎರಡೂ ಪಾದ ಇಡಿಯಾಗಿ ನೆಲದ ಮೇಲೆ. ನಾನು ಕುಳಿತೆ, ಮಣೆಯ ಮೇಲೆ ಕುಳಿತಷ್ಟು ಸಲೀಸು. ಇವರು ಗಾಡಿಯನ್ನು ಆಚೆ ಈಚೆ ತೂಗಿ ನೋಡಿದರು. ಹಿಂದಿರುಗಿ ನೋಡದೆಯೇ, "ಹಿಡೀತೇನಿ ನೋಡ, ನಿನ್ನೂ ಹಿಡೀತೇನಿ," ಅಂದರು. ದನಿಯಲ್ಲಿ ಖುಷಿ ಇತ್ತು. ಕರಿ ಗಾಡಿ ಅಲ್ಲೇ ಹೊಳೆಯುತ್ತಾ ನಿಂತಿತ್ತು. ಅದನ್ನು ಇನ್ನೊಮ್ಮೆ ನೋಡಿ ಮುಖ ತಿರುಗಿಸಿದೆ.

"ಇದ ಇರಲ್ರಿ."

"ಮತ್ತ ಹೂವಿಂದು?"

"ದೇವರ ಬಲಾನ ಬಲ. ಸುಮ್ನಿರ್ರಿ ಇನ್ನ."

ಗಾಡಿ ಮನೆಗೆ ಬಂದ ಸುದ್ದಿ ಕೇಳಿ ಕಿತ್ತೂರಿನವರು ಬಂದರು. ನೆಗೆಣ್ಣಿ ಕರಿ ಗಾಡಿಯಿಂದ ಅದೇ ಹಕ್ಕಿಯ ಹಾಗೆ ಇಳಿದು ನಮ್ಮ ಗಾಡಿಯ ಸುತ್ತ ಒಂದು ಸುತ್ತು ಹಾಕಿದಳು.

"ಅಯ್ಯ ಅಕ್ಕಾರ, ಎಷ್ಟ ಚಂದ ಐತ್ರಿ! ನಮ್ಮ ಗಾಡಿ ಮರಿ ಹಾಕಿದಂಗ ಐತಿ!"

ಎಲ್ಲರೂ ನಕ್ಕರು, ನಮ್ಮವರು ಎಲ್ಲರಿಗಿಂತ ಜೋರಾಗಿ. ಒಳಗೆ ಹೋಗಿ ಚಹಕ್ಕಿಟ್ಟೆ. ಅವಳ ಕಪ್ಪಿಗೆ ಸಕ್ಕರೆ ಹಾಕುವಾಗ ಕೈ ತಾನಾಗಿಯೇ ಬಿಗಿಹಿಡಿಯಿತು.

ಇವರು ಮೊದಲು ಮಾರ್ಕೆಟ್ಟಿನ ಬಯಲಿನಲ್ಲಿ, ಆಮೇಲೆ ಶಾಲೆಯ ದಾರಿಯಲ್ಲಿ ಒಬ್ಬರೇ ಹೊಡೆದು ರೂಢಿ ಮಾಡಿಕೊಂಡರು. ಕೈ ಕುದುರಿದ ಮೇಲೆ ಒಂದು ಹುಣ್ಣಿಮೆಗೆ "ನಡಿ, ಗುಡ್ಡಕ್ಕ ಹೋಗೂಣು" ಅಂದರು. ಕಿತ್ತೂರಿನವರೂ ಬರುವವರಿದ್ದರು. ಅವರಿಗಿಂತ ಮೊದಲು ಮುಟ್ಟಬೇಕೆಂದು ನಾನು ಬೆಳಗಿನ ಜಾವವೇ ಎದ್ದು ಹೋಳಿಗೆ, ಕಡುಬು ಕಟ್ಟಿಕೊಂಡು ಇವರನ್ನು ಎಬ್ಬಿಸಿ ಹೊರಡಿಸಿದೆ.

ಊರು ದಾಟಿ ಸ್ವಲ್ಪ ದೂರ ಹೋಗಿರಬೇಕು. ಹಿಂದೆ ಹಾರ್ನ್ ಕೇಳಿತು. ಕರಿ ಗಾಡಿ ನಮ್ಮ ಪಕ್ಕಕ್ಕೆ ಬಂತು, ಅವಳು ಕೈ ಬೀಸಿದಳು, ಸೆರಗು ಬೀಸಿತು, ಹೋದರು.

"ಒಂದೀಟ ಜೋರ ಹೊಡೀರಿ," ಅಂದೆ.

"ಇದ ಜೋರ."

"ಎತ್ತಿನ ಬಂಡಿ ಹಿಂದ ಹಾಕೀತು ನಮ್ಮನ್ನ!"

"ಹಾಕಲಿ. ಅದರಾಗಿನವ್ರೂ ದೇವರಿಗೇ ಹೊಂಟಾರ."

ಗುಡ್ಡ ಏರುವಾಗ ಮುಂದೆ ಹೋಗುತ್ತಿದ್ದ ಟೆಂಪೋ ಒಮ್ಮೆಲೇ ನಿಂತುಬಿಟ್ಟಿತು. ಇವರು ಬ್ರೇಕ್ ಹಿಡಿದರು, ಇಂಜಿನ್ನು ಬಂದ್ ಆಯಿತು. ಏರಿನಲ್ಲಿ, ಹಿಂದೆ ಮುಂದೆ ಜನ, ನಡುವೆ ನಾವು. ನಾನು ಕಣ್ಣು ಮುಚ್ಚಿದೆ. ಏನೂ ಆಗಲಿಲ್ಲ. ಬಗ್ಗಿ ನೋಡಿದರೆ ಇವರ ಎರಡೂ ಪಾದ ಧೂಳಿನಲ್ಲಿ ಗೂಟ ಜಡಿದ ಹಾಗೆ ಊರಿದ್ದವು. ಹೆಗಲು ಮುಟ್ಟಿ ನೋಡಿದೆ, ನಡುಗುತ್ತಿರಲಿಲ್ಲ. ಶಿವಾ, ಇದೊಂದು ಎಣಿಸಿಕೊಂಡೆ. ಇವರು ಕಿಕ್ ಹೊಡೆದರು, ಸಾವಕಾಶ ಹೊರಟೆವು.

ಗಾಡಿ ನಿಲ್ಲಿಸಲು ಇವರು ಹಿಂದೆ ಉಳಿದರು. ಗುಡಿಯ ಮುಂದೆ ಪಾಳಿ ಹಾವಿನ ಹಾಗೆ ಸುತ್ತಿ ಸುತ್ತಿ ನಿಂತಿತ್ತು. ನೆಗೆಣ್ಣಿಗೆ ದರ್ಶನ ಯಾವಾಗಲೋ ಆಗಿರುತ್ತದೆ, ಈಗ ಕಾಗದದ ಪೊಟ್ಟಣ ಹಿಡಿದು ಬರುತ್ತಾಳೆ ಎಂದುಕೊಂಡು ಕೊನೆಯಲ್ಲಿ ನಿಲ್ಲಲು ಹೋದೆ. ಅಷ್ಟರಲ್ಲಿ ಬಾಗಿಲ ಹತ್ತಿರದಿಂದ ಒಂದು ಕೈ ಮೇಲೆದ್ದಿತು.

"ಅಕ್ಕಾರ! ಇಲ್ಲಿ ಬರ್ರಿ! ಇಲ್ಲಿ!"

ಬಿಸಿಲಿಗೆ ಅವಳ ಮುಖ ಕೆಂಪಾಗಿತ್ತು, ಕುಂಕುಮ ಬೆವರಿಗೆ ಇಳಿದಿತ್ತು. ನಾನು ಹೋಗಿ ಅವಳ ಮುಂದೆ ಸೇರಿಕೊಳ್ಳುತ್ತಿದ್ದಂತೆ ಹಿಂದಿನ ಮುದುಕಿ ಗದರಿದಳು.

"ಏ ಅವ್ವಾ, ಪಾಳಿ ಕಾಣ್ಸೂದಿಲ್ಲೇನು? ನಡುವ ಹೊಕ್ಕೋತಿ!"

"ಆಯೀ, ಇವ್ರು ನಮ್ಮ ಅಕ್ಕಾರು," ಎಂದು ನೆಗೆಣ್ಣಿ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. "ಅವರ ಗಾಡಿ ಸಣ್ಣದೈತ್ರಿ, ಬಾವಾರು ಹೊಸದಾಗಿ ಕಲತಾರ, ಅದಕ್ಕ ತಡಾ ಆತು. ಅವರ ಸಲುವಾಗೇ ನಾ ಪಾಳಿ ಹಿಡದ ನಿಂತೇನಿ. ಅವರು ಬರೂತನಕ ಒಳಗ ಹೋಗಿಲ್ಲ ನಾ."

ಇಡೀ ಪಾಳಿ ತಿರುಗಿ ನನ್ನನ್ನು ನೋಡಿತು. ಮುದುಕಿಯ ಮುಖ ಸಡಿಲಾಯಿತು.

"ಹೋಗವಾ ಹೋಗ, ಸಣ್ಣ ಗಾಡಿಯಾಕಿ. ಪಾಪ."

ಆ 'ಪಾಪ' ಎಲ್ಲಿ ಚುಚ್ಚಿತೆಂದು ಹೇಳಲಾರೆ. ನಮ್ಮ ಪಾಳಿ ಬಂದಾಗ ನೆಗೆಣ್ಣಿ ನನ್ನ ಬೆನ್ನಿಗೆ ಕೈ ಹಚ್ಚಿ ಮುಂದೆ ನೂಕಿದಳು. "ಮೊದಲ ನೀವು. ದೊಡ್ಡವರು."

ಬೇಕೆಂದದ್ದು ಸಿಕ್ಕಿತ್ತು. ಅವಳಿಗಿಂತ ಮೊದಲು ತಾಯಿಯ ಮುಂದೆ ನಿಂತಿದ್ದೆ. ಅದೂ ಅವಳೇ ಕೊಟ್ಟದ್ದು. ಕೈ ಮುಗಿದೆ, ಆದರೆ ಮನಸ್ಸೆಲ್ಲ ಬೆನ್ನ ಹಿಂದೆ. ಪೂಜಾರಿ ಭಂಡಾರ ಹಚ್ಚಿದರು, ಸರಿದು ನಿಂತೆ. ಅವಳು ಬಂದು ಕಣ್ಣು ಮುಚ್ಚಿ ನಿಂತಳು.

"ಲಗೂ ಮುಗಸವಾ," ಅಂದೆ, "ಮಂದಿ ಕಾಯಾಕ ಹತ್ತ್ಯಾರ."

ಅವಳಿಗೆ ಕೇಳಿಸಲಿಲ್ಲ. ನನಗಿಂತ ಹೆಚ್ಚು ಹೊತ್ತು ನಿಂತಳು. ಅದನ್ನೂ ನಾನು ನೋಡಿಟ್ಟುಕೊಂಡೆ.