ಹೆಡ್ಮಾಸ್ಟರು ಉಳಿಸಿದ ಛತ್ರ

ಮೊನ್ನೆ ಪಕ್ಕದ ಬೀದಿಯಲ್ಲಿ ಯಾರೋ ಸುಣ್ಣದ ಕಲ್ಲಿಗೆ ನೀರು ಹಾಕಿದ್ದರು. ಸುಣ್ಣ ಅರಳುವಾಗಿನ ಆ ಬಿಸಿ ವಾಸನೆ ಮೂಗಿಗೆ ಬಡಿದದ್ದೇ ನಮ್ಮ ಹೆಡ್ಮಾಸ್ಟರು ನೆನಪಾದರು. ಪಂಚೆ ಎತ್ತಿ ಕಟ್ಟಿ, ತಲೆಗೆ ಟವೆಲ್ ಸುತ್ತಿ, ಛತ್ರದ ಗೋಡೆಗೆ ಸುಣ್ಣ ಬಳಿಯುತ್ತಿದ್ದ ಹೆಡ್ಮಾಸ್ಟರು...

ಅರವತ್ತರ ದಶಕದ ಆರಂಭದಲ್ಲಿ ನನಗೆ ಟೀಚರಮ್ಮನಾಗಿ ಮೊದಲ ಕೆಲಸ ಸಿಕ್ಕಿದ್ದು ಮಂಚೇನಹಳ್ಳಿ ಹತ್ತಿರದ ಒಂದು ಸಣ್ಣ ಊರಿನ ಶಾಲೆಯಲ್ಲಿ. ಶಾಲೆಯೆಂದರೆ ಪಟೇಲರು ರೇಷ್ಮೆಹುಳು ಸಾಕುತ್ತಿದ್ದ ಮನೆ. ಹುಳು ಹಣ್ಣಾಗಿ ಗೂಡು ಕಟ್ಟುವ ದಿನಗಳಲ್ಲಿ ಜಾಗ ಬಿಟ್ಟುಕೊಟ್ಟು, ಮಕ್ಕಳನ್ನು ಕರೆದುಕೊಂಡು ಹೊಂಗೆಮರದ ಕೆಳಗೆ ಹೋಗುತ್ತಿದ್ದೆವು. ಸ್ವಂತ ಕಟ್ಟಡ ಬೇಕೆಂದು ಹೆಡ್ಮಾಸ್ಟರು ವರ್ಷಗಟ್ಟಲೆ ಗೌರಿಬಿದನೂರಿನ ಕಚೇರಿಗೆ ಅಲೆದಿದ್ದರು.

ಕೊನೆಗೆ ಮಂಜೂರಾಯಿತು. ಆದರೆ ಊರ ಮುಂದಿನ ಹಳೇ ಛತ್ರವನ್ನು ಕೆಡವಿ, ಅದೇ ಕಲ್ಲಿನಲ್ಲಿ ಶಾಲೆ ಕಟ್ಟಬೇಕೆಂದು ಹುಕುಂ ಬಂತು. ಆ ಛತ್ರ ಯಾವ ಕಾಲದ್ದೋ. ನಂದಿಯ ದೇವಸ್ಥಾನಕ್ಕೆ ಹೋಗುವವರು ಹಿಂದೆ ಅಲ್ಲಿ ತಂಗುತ್ತಿದ್ದರಂತೆ. ಕಂಬಗಳ ಮೇಲೆ ಕೆತ್ತಿದ ಗಿಣಿ, ಮೀನು, ಒಂದು ಕಡೆ ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ನೀರೆರೆಯುತ್ತಿರುವ ಹೆಂಗಸು. ನಮ್ಮ ಕಾಲಕ್ಕೆ ಅಲ್ಲಿ ಮಲಗುತ್ತಿದ್ದದ್ದು ಮೇಕೆಗಳು.

ಎಲ್ಲರಿಗೂ ಸಂತೋಷವಾಯಿತು. ಹೆಡ್ಮಾಸ್ಟರು ಮಾತ್ರ ಛತ್ರ ಕೆಡವುವುದು ಬೇಡ ಎಂದರು. ಕೈಗೆ ಬಂದ ಶಾಲೆಯನ್ನು ಬಿಡುತ್ತಿದ್ದಾರಲ್ಲ ಎಂದು ನನಗೂ ಅನ್ನಿಸಿತು. ಹೆತ್ತವರು ಗೊಣಗಿದರು. ಪಟೇಲರು ಛತ್ರದ ಜಗಲಿಯ ಮೇಲೇ ಊರವರನ್ನು ಸೇರಿಸಿದರು.

ಹೆಡ್ಮಾಸ್ಟರು ಅದೇ ಊರಿನ ಹೊರಗಿನ ಕೇರಿಯವರು. ಆ ಕೇರಿಯಿಂದ ಓದಿ ಮೇಷ್ಟ್ರಾದವರಲ್ಲಿ ಮೊದಲಿಗರು.

ಪಟೇಲರು ಕೇಳಿದರು: "ಮೇಷ್ಟ್ರೇ, ಸ್ಕೂಲು ಬೇಕು ಅಂತ ಓಡಾಡಿದ್ದು ನೀವೇ. ನಿಮ್ಮೋರು ಯಾರೂ ಇದರೊಳಗೆ ಕಾಲಿಟ್ಟೋರಲ್ಲ. ನಿಮಗ್ಯಾಕೆ ಇದರ ಮೇಲೆ ಇಷ್ಟು ಆಸೆ?"

ಹೆಡ್ಮಾಸ್ಟರು ದನಿ ಏರಿಸಲಿಲ್ಲ. "ಹೌದು ಗೌಡ್ರೇ. ನಮ್ಮಜ್ಜ ಮಳೇಲಿ ನೆಂದ್ಕೊಂಡು ಇದರ ಹೊರಗೇ ನಿಂತಿದ್ರು. ಕೆಡವಿಬಿಟ್ರೆ, ಅವ್ರು ಎಲ್ಲಿ ನಿಂತಿದ್ರು ಅಂತ ನನ್ನ ಮಕ್ಕಳಿಗೆ ಹೆಂಗೆ ತೋರಿಸ್ಲಿ? ಇದು ಇರಲಿ. ಎಲ್ಲಾರ ಮಕ್ಕಳೂ ಒಳಗೆ ಕೂತ್ಕೊಂಡು ಓದ್ಲಿ."

ಪಟೇಲರು ಕಂಬವನ್ನೊಮ್ಮೆ ನೋಡಿ, ಹೆಗಲ ಮೇಲಿನ ವಲ್ಲಿ ಕೊಡವಿಕೊಂಡು ಎದ್ದು ಹೋದರು. ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ.

ಅದರ ಮುಂದಿನ ವಾರವೆಲ್ಲ ಹೆಡ್ಮಾಸ್ಟರು, ಅವರ ಹೆಂಡತಿ, ನಾನು, ಕೇರಿಯ ಕೆಲವರು ಸೇರಿ ಮೇಕೆಗಳ ಗೊಬ್ಬರ ಬಾಚಿ, ನೆಲ ತೊಳೆದು, ಸುಣ್ಣ ಬಳಿದೆವು. ಛತ್ರ ಕೆಡವಲು ಕಂಟ್ರಾಕ್ಟರ್ ಹಾರೆ ಹಿಡಿದ ಆಳುಗಳ ಜೊತೆ ಬಂದಾಗ ಒಳಗೆ ಮಕ್ಕಳು ಮಗ್ಗಿ ಹೇಳುತ್ತಿದ್ದರು. ಪಟೇಲರ ಮಗಳೂ, ಕೇರಿಯ ಹುಡುಗಿಯೂ ಒಂದೇ ಚಾಪೆಯ ಮೇಲಿದ್ದರು. ಕಂಟ್ರಾಕ್ಟರ್ ದಿಕ್ಕು ತೋಚದೆ ಪಟೇಲರಿಗೆ ಹೇಳಿಕಳಿಸಿದ. ಅವರು ಬಂದು, ಬಾಗಿಲಲ್ಲಿ ನಿಂತು ಮಗ್ಗಿ ಮುಗಿಯುವ ತನಕ ಕೇಳಿದರು.

"ಪಾಠ ನಡೀತೈತೆ, ಕಾಣಲ್ವಾ? ಹೋಗಪ್ಪ," ಎಂದರು.

ಛತ್ರ ಉಳಿಯಿತು. ಕಟ್ಟಡದ ಮಂಜೂರಾತಿ ವಾಪಸಾಯಿತು. ಮೇಲಿನವರಿಗೆ ಸಿಟ್ಟು ಬಂದು, ಆ ವರ್ಷವೇ ಹೆಡ್ಮಾಸ್ಟರನ್ನು ಚಿಂತಾಮಣಿ ತಾಲ್ಲೂಕಿನ ಕೆಂಚಾರ್ಲಹಳ್ಳಿ ಕಡೆಗೆ ವರ್ಗ ಮಾಡಿದರು. ತಾವು ಗುಡಿಸಿದ ಆ ಛತ್ರದಲ್ಲಿ ಅವರು ಪಾಠ ಹೇಳಿದ್ದು ಕೆಲವೇ ತಿಂಗಳು. ಹೊರಡುವ ದಿನ ದೊಡ್ಡ ಮಾತೇನೂ ಆಡಲಿಲ್ಲ. ಮಳೆಗಾಲಕ್ಕೆ ಮುಂಚೆ ಚಾವಣಿ ಮೇಲಿನ ಗಿಡಗಳನ್ನು ಕೀಳಿಸಬೇಕು, ಆಲದ ಬೇರು ಇಳಿದರೆ ಕಲ್ಲು ಸರಿಯುತ್ತದೆ ಎಂದು ನನಗೆ ಎರಡೆರಡು ಸಲ ಹೇಳಿದರು. ನಾನು ಅಲ್ಲಿರುವ ತನಕ ಕೀಳಿಸಿದೆ.

ಎಷ್ಟೋ ವರ್ಷದ ಮೇಲೆ ಚಿಂತಾಮಣಿ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಶಾಲೆಗೆ ಬೇರೆ ಕಡೆ ಕಟ್ಟಡವಾಗಿದೆ, ಛತ್ರ ಹಾಗೇ ಇದೆ, ಒಂದು ಸಲ ಬಂದು ನೋಡಿ ಸಾರ್ ಎಂದೆ.

"ಬರ್ತೀನಿ ಬಿಡಮ್ಮ. ಅದೇನು ಎಲ್ಲಿಗಾದ್ರೂ ಹೋಗುತ್ತಾ," ಎಂದು ನಕ್ಕು ಬಸ್ಸು ಹತ್ತಿದರು.

ಅವರು ಬರಲಿಲ್ಲ. ತೀರಿಕೊಂಡ ಸುದ್ದಿ ನನಗೆ ತಲುಪುವಷ್ಟರಲ್ಲಿ ಕಾರ್ಯವೆಲ್ಲ ಮುಗಿದಿತ್ತು. ಈಗಲೂ ಆ ಕಡೆ ಹೋದರೆ ಜಗಲಿಯ ಮೇಲೆ ಸ್ವಲ್ಪ ಹೊತ್ತು ಕೂತು ಬರುತ್ತೇನೆ. ಛತ್ರ ಎಲ್ಲಿಗೂ ಹೋಗಿಲ್ಲ. ಅವರು ಹೋದರು...