ಸಿಗ್ನಲ್ ಸಿಕ್ಕ ಜಾಗ

ಕೋಸು ಸಾಗಿಸುತ್ತಿದ್ದ ಲಾರಿಯನ್ನು ನಾನು ಆಫೀಸು ಮಾಡಿಕೊಂಡೆ. ಸೊಂಟ ಹಿಡಿದುಕೊಂಡು ಲೋಡು ಎತ್ತುವುದು ಆಗದೆ ಹೋದಾಗ, ತಾಳವಾಡಿಯ ಜೆರಾಕ್ಸ್ ಅಂಗಡಿಯೊಂದರಲ್ಲಿ ಕೂತು ಕಂಪ್ಯೂಟರ್ ಕಲಿತಿದ್ದೆ. ಕಾಡಿನೂರುಗಳ ಜನ ಸರ್ಕಾರದ ಒಂದು ಹಾಳೆಗಾಗಿ ಒಂದು ದಿನದ ಕೂಲಿ ಬಿಟ್ಟು ಬಸ್ಸು ಹತ್ತಿ ಬರುವುದನ್ನು ಅಲ್ಲಿ ದಿನಾ ನೋಡುತ್ತಿದ್ದೆ. ಅವರು ಬರುವ ಬದಲು ಆಫೀಸೇ ಅವರ ಹತ್ತಿರ ಹೋದರೆ ಆಗದೇ ಅನ್ನಿಸಿತು.

ಅನ್ನಿಸಿದಷ್ಟು ಸುಲಭವಾಗಿರಲಿಲ್ಲ. ಜೀರಹಳ್ಳಿಯ ವೈರಿಂಗ್ ಗೆಳೆಯನೊಬ್ಬ ಲಾರಿಯ ತಲೆ ಮೇಲೆ ಸೋಲಾರ್ ಪ್ಲೇಟು ಕೂರಿಸಿ, ಸೀಟಿನ ಹಿಂದೆ ಬ್ಯಾಟರಿ ಇಟ್ಟುಕೊಟ್ಟ. ಮೇಜಿಗೆ ಹಳೆಯ ಬಾಗಿಲು ಬಳಸಿದೆವು. ಪ್ರಿಂಟರಿಗೆ ಹಾಸಿಗೆಯ ತುಂಡು ಹಾಸಿ ಹಗ್ಗ ಬಿಗಿದರೂ ಗುಂಡಿ ರಸ್ತೆಯ ಕುಲುಕಾಟಕ್ಕೆ ಅದರೊಳಗಿನ ಪುಡಿ ಚೆಲ್ಲಿ ಹಾಳೆಗಳೆಲ್ಲ ಮಸಿಯಾಗುತ್ತಿದ್ದವು. ಮಂಜು ಬಿದ್ದ ಬೆಳಿಗ್ಗೆ ಕಾಗದ ಮೆತ್ತಗಾಗಿ ಒಂದರ ಬದಲು ಮೂರು ಒಟ್ಟಿಗೆ ಒಳಗೆ ಹೋಗುತ್ತಿದ್ದವು. ಎಷ್ಟು ತೊಳೆದರೂ ಕೋಸಿನ ವಾಸನೆ ಬಿಡಲಿಲ್ಲ. ಜನ ಮೂಗು ಮುಚ್ಚಿಕೊಂಡು, "ಕೋಸಿನ ಗಾಡೀಲಿ ಸರ್ಕಾರ ಬಂತು ಕಣ್ಲಾ" ಎಂದು ನಗುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು. ಮೊದಲಿನಿಂದಲೂ ನನಗೆ ಸಿಟ್ಟು ಬೇಗ.

ಬೇರೆ ಊರುಗಳಲ್ಲಿ ಹೇಗೋ ಕೆಲಸ ನಡೆಯಿತು. ಕಷ್ಟವಾದದ್ದು ನನ್ನ ಊರಿನಲ್ಲೇ. ತಾಳಮಲೆಯಿಂದ ಒಳಗಿರುವ ಆ ಊರು ತಗ್ಗಿನಲ್ಲಿದೆ. ಬಿದಿರಿನ ಗಳುವಿಗೆ ಆಂಟೆನಾ ಕಟ್ಟಿ ಕೇರಿ ಕೇರಿ ಲಾರಿ ಓಡಿಸಿದರೂ ಸಿಗ್ನಲ್ ಸಿಗಲಿಲ್ಲ. ಕೊನೆಗೆ ಸಿಕ್ಕಿದ್ದು ಒಂದೇ ಕಡೆ, ಊರಾಚೆಯ ದಿಬ್ಬದ ಮೇಲೆ. ಅದು ನಮ್ಮ ಸುಡುಗಾಡು. ಹೆಸರಿಗೆ ಸುಡುಗಾಡು, ನಮ್ಮಲ್ಲಿ ಹೂಳುವುದೇ ಪದ್ಧತಿ.

ಊರಿನ ಯಜಮಾನರು ಯೋಚಿಸಿ ಒಪ್ಪಿಗೆ ಕೊಟ್ಟರು. ಲಾರಿ ಓರೆಯಾಗಿ ನಿಂತರೆ ಪ್ರಿಂಟರು ಹಾಳೆಯನ್ನು ಸೊಟ್ಟ ಎಳೆಯುತ್ತದೆ, ನೆಲ ಮಟ್ಟವಾಗಿರಬೇಕು. ಲಂಟಾನ ಕಡಿದು ಹಾಕಿದಾಗ ಕೆಳಗೆ ಮೂರು ನಾಲ್ಕು ಹಳೆಯ ಮಣ್ಣುಗುಡ್ಡೆಗಳು ಕಂಡವು. ಕಲ್ಲಿಲ್ಲ, ಗುರುತಿಲ್ಲ. "ಯಾರವೋ ಅಳೇವು, ಬುಡು" ಎಂದರು ಜೊತೆಗಿದ್ದವರು. ನಾನೇ ಗುದ್ದಲಿ ಹಿಡಿದು ಸಮ ಮಾಡಿದೆ. ಲಾರಿ ನೆಟ್ಟಗೆ ನಿಂತಿತು. ಅವತ್ತು ನನಗೆ ಬಹಳ ಖುಷಿಯಾಗಿತ್ತು.

ಗಂಡಸರು ಬಂದರು, ಹೆಂಗಸರು ಬರಲಿಲ್ಲ. ನಮ್ಮಲ್ಲಿ ಹೆಂಗಸರು ಸುಡುಗಾಡಿಗೆ ಕಾಲಿಡುವುದಿಲ್ಲ. ಹೆಣ ಎತ್ತಿದ ಮೇಲೆ ಅವರು ಊರ ಬಾಗಿಲಿನಿಂದಲೇ ಹಿಂದಿರುಗಬೇಕು. ಆದರೆ ವಿಧವೆಯರ ಪೆನ್ಷನ್ನಿಗೆ ವರ್ಷಕ್ಕೊಮ್ಮೆ ಬದುಕಿದ್ದೇವೆಂದು ಬೆರಳೊತ್ತಬೇಕು, ಇಲ್ಲದಿದ್ದರೆ ಹೆಸರು ಹೋಗುತ್ತದೆ. ಹನ್ನೊಂದು ಮಂದಿ ಮುದುಕಿಯರು ಕಳ್ಳಿ ಬೇಲಿಯ ಆಚೆ ಕೂತರೇ ಹೊರತು ಈಚೆ ಬರಲಿಲ್ಲ. ಅವರ ನಡುವೆ ನನ್ನ ಅವ್ವನೂ ಇದ್ದಳು.

"ನಿಮ್ಮವ್ವ ಬಂದ್ರೆ ನಾವೂ ಬತ್ತೀವಿ" ಅಂದರು ಉಳಿದವರು.

"ನನ್ನ ತಾಳವಾಡಿಗೆ ಕರ್ಕಂಡು ಓಗು ಮಗ, ಅಲ್ಲಿ ಒತ್ತೀನಿ" ಅಂದಳು ಅವ್ವ.

ಅವಳೊಬ್ಬಳನ್ನು ಕರೆದೊಯ್ಯಬಹುದಿತ್ತು. ಉಳಿದವರ ಗತಿ? ಮೇಜು, ಪ್ರಿಂಟರು ತುಂಬಿದ ಲಾರಿಯಲ್ಲಿ ಅಷ್ಟು ಮಂದಿ ಮುದುಕಿಯರನ್ನು ಕೂರಿಸಲು ಜಾಗವಿರಲಿಲ್ಲ. ಕೊನೆಯ ದಿನಕ್ಕೆ ವಾರವೂ ಇರಲಿಲ್ಲ. ಅರ್ಧ ಗಂಟೆ ಬೇಡಿಕೊಂಡೆ. ಆಮೇಲೆ ತಲೆ ಕೆಟ್ಟಿತು. "ಎಂದಾದ್ರೂ ಒಂದಿನ ಇಲ್ಲಿಗೆ ಬರೋಳೇ ತಾನೆ ನೀನು? ಈಗ್ಲೇ ಬಂದ್ರೆ ಏನ್ ಕಳ್ಕತೀಯ?" ಎಂದು ಎಲ್ಲರೆದುರು ಕಿರುಚಿದೆ.

ಹೆತ್ತವಳಿಗೆ ಆಡುವ ಮಾತಲ್ಲ ಅದು. ಬಾಯಿಂದ ಬಿದ್ದ ಕ್ಷಣವೇ ನನಗೆ ಗೊತ್ತಾಯಿತು. ಅವ್ವ ಸೆರಗು ಸರಿಮಾಡಿಕೊಂಡು ಎದ್ದು ಮನೆಗೆ ಹೋದಳು.

ಮಾರನೆಯ ದಿನ ಬೆಳಿಗ್ಗೆ ನಾನು ಕಂಪ್ಯೂಟರ್ ಆನ್ ಮಾಡುತ್ತಿದ್ದಾಗ ಅವಳು ಒಗೆದ ಸೀರೆ ಉಟ್ಟು, ಬೇಲಿ ದಾಟಿ, ಒಬ್ಬಳೇ ನಡೆದು ಬಂದಳು. ಲಾರಿಯ ಮೆಟ್ಟಿಲಿನ ಮೇಲೆ ಕೂರಿಸಿದೆ. ಹೊಲದ ಕೆಲಸ ಮಾಡಿ ಮಾಡಿ ಸವೆದ ಬೆರಳು, ಮೆಷಿನ್ನು ಎರಡು ಸಲ ಒಪ್ಪಲಿಲ್ಲ. ಮೂರನೆಯ ಸಲ ಹಸಿರು ದೀಪ ಹತ್ತಿತು. ಪ್ರಿಂಟರಿನಿಂದ ಹಾಳೆ ಬಂತು. ನಾನು ಚಾಚಿದೆ. ಅವ್ವ ಅದನ್ನು ತೆಗೆದುಕೊಳ್ಳದೆ ಸುತ್ತಮುತ್ತ ಕಣ್ಣಾಡಿಸಿ ಕೇಳಿದಳು:

"ನಿಮ್ಮಪ್ಪನ್ನ ಎಲ್ಲಿ ಮಡಗಿದ್ರಿ?"

ಅಪ್ಪ ಸತ್ತಾಗ ನನಗೆ ಒಂಬತ್ತು ವರ್ಷ. ಚಿಕ್ಕಪ್ಪ ಹೆಗಲ ಮೇಲೆ ಕೈಯಿಟ್ಟು ಮಣ್ಣು ಹಾಕಿಸಿದ್ದು ನೆನಪಿದೆ, ಜಾಗ ನೆನಪಿಲ್ಲ. ಚಿಕ್ಕಪ್ಪನೂ ಈಗಿಲ್ಲ. ನೆನಪಿರುವುದು ಇಷ್ಟೇ: ನಿಂತ ಜಾಗದಿಂದ ನಮ್ಮ ಮನೆಯ ಹೆಂಚು ಕಾಣುತ್ತಿತ್ತು. ಅವ್ವ ಕೇಳಿದಾಗ ತಲೆ ಎತ್ತಿ ನೋಡಿದೆ. ನಾನೇ ಸಮ ಮಾಡಿ ಲಾರಿ ನಿಲ್ಲಿಸಿದ್ದ ಜಾಗದಿಂದ ಹೆಂಚು ಚೆನ್ನಾಗಿ ಕಾಣುತ್ತಿತ್ತು.

ಹತ್ತು ಮಾರು ದೂರದ ಹೊಂಗೆ ಮರ ತೋರಿಸಿ, "ಅದರ ಬುಡದಲ್ಲಿ" ಎಂದೆ.

ಅವ್ವ ಅಲ್ಲಿಗೆ ಹೋಗಿ ಕೂತಳು. ಒಣ ಎಲೆ ಸರಿಸಿ ಅಂಗೈಯನ್ನು ನೆಲದ ಮೇಲೆ ಊರಿದಳು. "ಬರಕ್ಕೆ ಬುಡ್ನಿಲ್ಲ ನನ್ನ. ಇವತ್ತು ಬಂದೆ. ನಿಮ್ಮ ಮಗ ಗಾಡೀಲಿ ಆಪೀಸು ಮಾಡವ್ನೆ, ನೋಡಿ" ಎಂದು ಪಕ್ಕದಲ್ಲಿ ಕೂತವರಿಗೆ ಹೇಳುವ ಹಾಗೆ ಹೇಳಿದಳು. ಆಮೇಲೆ ಅತ್ತಳು. ನಾನು ಲಾರಿಯೊಳಗೆ ಹೋಗಿ ಸುಮ್ಮನೆ ಹಾಳೆ ಜೋಡಿಸುತ್ತಾ ನಿಂತೆ.

ಅಷ್ಟರಲ್ಲಿ ಬೇಲಿಯ ಆಚೆ ಬಂದು ಸೇರಿದ್ದ ಉಳಿದ ಹತ್ತು ಮಂದಿಯೂ ಅದನ್ನು ನೋಡಿ ಬೇಲಿ ದಾಟಿದರು. ಬೆರಳೊತ್ತಿ, ಗಂಡನದೋ ಮಗುವಿನದೋ ಜಾಗವನ್ನು ಅವರಿವರ ಹತ್ತಿರ ಕೇಳಿಕೊಂಡು ಹೋಗಿ ಕೂತರು. ಅಲ್ಲಿಂದ ಮುಂದೆ ಲಾರಿ ನಿಲ್ಲುವ ದಿನ ಹೆಂಗಸರು ಕೆಲಸವಿಲ್ಲದೆಯೂ ಬರತೊಡಗಿದರು. ಒಬ್ಬಾಕೆ ಒಂದೇ ರೇಷನ್ ಕಾರ್ಡನ್ನು ನಾಲ್ಕು ಸಲ ಜೆರಾಕ್ಸ್ ಮಾಡಿಸಿದಳು. ನಾನು ಯಾಕೆಂದು ಕೇಳಲಿಲ್ಲ.

ಅವ್ವ ಪ್ರತಿ ಸಲ ಬಂದು ಹೊಂಗೆಯ ಬುಡ ಗುಡಿಸುತ್ತಿದ್ದಳು. ಮಂಡಿ ನೋವಿದ್ದರೂ ತಪ್ಪಿಸಲಿಲ್ಲ. ಒಮ್ಮೆ, "ನನ್ನೂ ಇಲ್ಲೇ, ಅವರ ಮಗ್ಗುಲಲ್ಲೇ ಮಡಗು ಮಗ, ಮರೀಬ್ಯಾಡ" ಅಂದಳು. ನಿಜ ಹೇಳಿಬಿಡಬೇಕೆಂದು ಎಷ್ಟೋ ಸಲ ಬಾಯಿ ತೆರೆದಿದ್ದೇನೆ. ಅವಳ ಮುಖದಲ್ಲಿ ಬಂದಿದ್ದ ಸಮಾಧಾನ ಕಂಡು ಮುಚ್ಚಿಕೊಂಡಿದ್ದೇನೆ. ಹೇಡಿತನವೋ ಪ್ರೀತಿಯೋ, ಈಗಲೂ ಬಿಡಿಸಿ ಹೇಳಲಾರೆ.

ಮೊನ್ನೆ ರಾಗಿ ಕುಯ್ಲು ಮುಗಿದ ವಾರ, ಜ್ವರ ಬಂದು ಮೂರೇ ದಿನಕ್ಕೆ ಅವ್ವ ಹೋದಳು.

ಗುಂಡಿ ತೆಗೆಯುವವನು ಹೊಂಗೆಯ ಹತ್ತಿರ ಹಾರೆ ಊರಿಕೊಂಡು ಕೇಳಿದ: "ನಿಮ್ಮಪ್ಪಂದು ಯಾವ ಕಡೆ ಅಣ್ಣ? ಎಡಕ್ಕೋ, ಬಲಕ್ಕೋ? ನೋಡ್ಕಂಡು ಅಗೀಬೇಕಲ್ಲ."

"ಎಡಕ್ಕೆ" ಎಂದೆ.

ಅವನು ಎಡಗಡೆಯ ಬರಿಯ ನೆಲವನ್ನು ಜೋಪಾನವಾಗಿ ಬಿಟ್ಟು ಬಲಕ್ಕೆ ಅಗೆದ. ಅವತ್ತು ಹೆಂಗಸರು ಊರ ಬಾಗಿಲಿನಿಂದ ಹಿಂದಿರುಗಲಿಲ್ಲ. ದಿಬ್ಬದವರೆಗೂ ಬಂದು ಅವ್ವನ ಮೇಲೆ ಒಂದೊಂದು ಹಿಡಿ ಮಣ್ಣು ಹಾಕಿದರು. ಯಾರೂ ತಡೆಯಲಿಲ್ಲ. "ಪುಣ್ಯಾತ್ಗಿತ್ತಿ, ಕೊನೆಗೂ ಗಂಡನ ಮಗ್ಗುಲು ಸೇರ್ಕಂಡ್ಳು" ಎಂದು ಒಬ್ಬಾಕೆ ನನ್ನ ಬೆನ್ನು ಸವರಿದಳು.

ಲಾರಿ ಅದರ ಜಾಗದಲ್ಲೇ ನಿಂತಿತ್ತು. ಅದರ ಚಕ್ರದ ಕಡೆಗೆ ತಿರುಗಿ ನೋಡಲು ನನಗೆ ಧೈರ್ಯ ಬರಲಿಲ್ಲ.